ಯಾರ ಪೈಕಿ ನೀವು?

ಹಾನಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಒಂದು ಅದಲುಬದಲು ನಡೆಯುತ್ತದೆ. ಹಾವೇರಿಯಿಂದಲೋ ಹುಬ್ಬಳ್ಳಿಯಿಂದಲೋ ಬಂದ ಬಸ್ಸಿನಿಂದ ಮಾಸ್ತರರು, ಬ್ಯಾಂಕಿನವರು, ತಾಲ್ಲೂಕು ಕಚೇರಿಯ ಗುಮಾಸ್ತರು ಇಳಿಯುತ್ತಾರೆ. ಕೈಯಲ್ಲಿ ಊಟದ ಡಬ್ಬಿ, ಹೆಗಲಿಗೊಂದು ಚೀಲ. ಅವರು ಇಳಿದು ಮುಗಿಯುವ ಮೊದಲೇ ಕಿಟಕಿಯಿಂದ ಟವೆಲ್ಲು, ಕರ್ಚೀಫು ಎಸೆದು ಸೀಟು ಹಿಡಿಯುವವರು ಊರಿನವರು: ಹಾವೇರಿಯ ಕಾಲೇಜಿಗೆ ಹೊರಟ ಹುಡುಗಿಯರು, ಜಿಲ್ಲಾ ಕಚೇರಿಗೆ ಫೈಲು ಹಿಡಿದು ಹೊರಟ ರೈತರು, ಹುಬ್ಬಳ್ಳಿಯ ಆಸ್ಪತ್ರೆಗೆ ಉದ್ದನೆಯ ಎಕ್ಸ್‌ರೇ ಲಕೋಟೆ ಹಿಡಿದು ಹೊರಟ ಗಂಡ ಹೆಂಡತಿ. ಸಂಜೆ ಐದೂವರೆಗೆ ಇದೇ ಆಟ ಉಲ್ಟಾ.

ಸಣ್ಣ ಊರಲ್ಲಿ ಬಾಳುವುದು ಹಿತವೋ ಅಲ್ಲವೋ ಎಂದು ಚರ್ಚಿಸುವವರು ಒಮ್ಮೆ ಈ ಬಸ್ ಸ್ಟ್ಯಾಂಡಿಗೆ ಬರಬೇಕು. ಸರ್ಕಾರಿ ಸಂಬಳದವರಿಗೆ ಎಲ್ಲಿರಬೇಕೆಂದು ಆರಿಸುವ ಅನುಕೂಲ ಉಂಟು. ಅವರಲ್ಲಿ ಅನೇಕರು ಸಂಬಳವನ್ನು ಇಲ್ಲಿ ಇಟ್ಟುಕೊಂಡು ಸಂಸಾರವನ್ನು ಹುಬ್ಬಳ್ಳಿ, ಧಾರವಾಡ, ಹಾವೇರಿಗಳಲ್ಲಿ ಹೂಡಿದ್ದಾರೆ. ಕೇಳಿದರೆ ಒಂದೇ ಉತ್ತರ: "ಹುಡುಗ್ರ ಸಾಲಿದೊಂದು ಚಿಂತಿ ನೋಡ್ರಿ." ಅವರ ತೀರ್ಪು ಅವರ ಬಸ್ ಪಾಸಿನಲ್ಲೇ ಇದೆ.

ನಾನು ಲೆಕ್ಕ ಹಾಕುತ್ತಿರುವುದು ಇಂಥ ನಾಲ್ಕು ಊರುಗಳದು: ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ನಾಲ್ಕೂ 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು, ಆಮೇಲೆ ಹಾವೇರಿಗೆ ಬಂದವು. ಮೊದಲ ಮೂರರಲ್ಲಿ ಪುರಸಭೆ ಇದೆ, ಹಿರೇಕೆರೂರಿನಲ್ಲಿ ಪಟ್ಟಣ ಪಂಚಾಯಿತಿ. ನಾಲ್ಕರಲ್ಲಿ ದೊಡ್ಡದಾದ ಸವಣೂರೂ 2011ರ ಜನಗಣತಿಯಲ್ಲಿ ನಲವತ್ತು ಸಾವಿರದ ಆಸುಪಾಸಿನಲ್ಲೇ ಇತ್ತು. ನಗರಸಭೆ ಎನ್ನಿಸಿಕೊಳ್ಳಲು ಬೇಕಾದ ಐವತ್ತು ಸಾವಿರ ತಲೆ ಯಾವ ಊರಲ್ಲೂ ಇರಲಿಲ್ಲ. ಹಳ್ಳಿಯವರು ಇವನ್ನು 'ಪ್ಯಾಟಿ' ಎನ್ನುತ್ತಾರೆ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳು 'ನಮ್ಮ ಹಳ್ಳಿ' ಎನ್ನುತ್ತಾರೆ. ಎರಡರ ನಡುವೆ ನಿಂತ ಊರುಗಳು.

ಸುಖದಿಂದಲೇ ಶುರು ಮಾಡೋಣ. ಹಾನಗಲ್ಲಿನ ತಾರಕೇಶ್ವರ ಗುಡಿಗೆ ಇಳಿಹೊತ್ತಿನಲ್ಲಿ ಹೋಗಿ ನೋಡಿ. ಚಾಲುಕ್ಯರ ಕಾಲದ ಗುಡಿ, ಹಾನಗಲ್ಲ ಕದಂಬರು ಆಳಿದ ನೆಲ. ರಂಗಮಂಟಪದಲ್ಲಿ ನಿಂತು ಕತ್ತೆತ್ತಿದರೆ ಕಲ್ಲಿನ ದೊಡ್ಡ ತಾವರೆಯೊಂದು ಛಾವಣಿಯ ನಡುವಿನಿಂದ ಕೆಳಮುಖವಾಗಿ ಅರಳಿ ನಿಂತಿರುತ್ತದೆ. ಬೇಲೂರಿನಲ್ಲಿ ಇಂಥದ್ದನ್ನು ನೋಡಲು ಹತ್ತು ಜನರ ಭುಜದ ಮೇಲಿಂದ ಇಣುಕಬೇಕು. ಇಲ್ಲಿ ಹುಲ್ಲುಹಾಸಿನ ಮೇಲೆ ನಾಲ್ಕೈದು ಮಂದಿ ಹಿರಿಯರು ಕಾಲು ಚಾಚಿ ಕೂತು ಪಿಂಚಣಿಯ ಮಾತಾಡುತ್ತಿರುತ್ತಾರೆ, ಒಬ್ಬ ಹುಡುಗ ಕಂಬಕ್ಕೊರಗಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಓದುತ್ತಿರುತ್ತಾನೆ, ಅಷ್ಟೇ. ಊರಾಚೆ ಆನೆಕೆರೆಯ ಕಡೆಯಿಂದ ಗಾಳಿ. ಮಲೆನಾಡು ಇಲ್ಲಿಂದಲೇ ಶುರುವಾಗುವುದರಿಂದ ಆ ಗಾಳಿಗೆ ಬಯಲುಸೀಮೆಯ ಬಿಸಿ ಕಡಿಮೆ. ಬೇಸಿಗೆಯಲ್ಲಿ ಆಪೂಸಿನ ಬುಟ್ಟಿಗಳು ಬೀದಿಗೆ ಬಂದ ಮೇಲಂತೂ ಇಡೀ ಪೇಟೆ ಹಣ್ಣಿನ ವಾಸನೆ.

ಮನೆಯಿಂದ ಹೊರಬಿದ್ದು ಹತ್ತು ನಿಮಿಷ ನಡೆದರೆ ಸಾಲಿ, ಬ್ಯಾಂಕು, ಮಠ, ಕೋರ್ಟು, ಹಾಲಿನ ಡೇರಿ, ಕಟಿಂಗ್ ಅಂಗಡಿ ಎಲ್ಲವೂ ಸಿಗುತ್ತವೆ. ಕಿರಾಣಿ ಅಂಗಡಿಯಲ್ಲಿ ಉದ್ರಿ ನಡೆಯುತ್ತದೆ. ಗೋವಿನಜೋಳದ ರೊಕ್ಕ ಬಂದ ಮೇಲೆ ಕೊಟ್ಟರಾಯಿತು ಎನ್ನುವ ಮಾತು ಇನ್ನೂ ಬದುಕಿದೆ, ಫೋನಿನಲ್ಲಿ ದುಡ್ಡು ಕಳಿಸುವ ಕಾಲ ಬಂದರೂ. ನಳದ ನೀರು ಯಾವ ದಿನ ಎಷ್ಟೊತ್ತಿಗೆ ಬರುತ್ತದೆ ಎಂದು ವಾಲ್ವ್‌ಮ್ಯಾನನೇ ಹಾದಿಯಲ್ಲಿ ಹೇಳಿ ಹೋಗುತ್ತಾನೆ. ಯಾರದಾದರೂ ಮನೆಯಲ್ಲಿ ಸಾವಾದರೆ ಅರ್ಧ ತಾಸಿನಲ್ಲಿ ಓಣಿಯ ಗಂಡಸರು ಬಂದು ಕಟ್ಟೆ ಮೇಲೆ ಕೂತಿರುತ್ತಾರೆ, ಎದುರು ಮನೆಯಿಂದ ಚಹಾ ಬಂದಿರುತ್ತದೆ, ಬಿದಿರು ಯಾರು ತರಬೇಕು, ದೂರದ ಮಗನಿಗೆ ಯಾರು ಫೋನು ಮಾಡಬೇಕು ಎಂಬುದು ಹೇಳದೆಯೇ ತೀರ್ಮಾನವಾಗಿರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಹೆಣವನ್ನು ಲಿಫ್ಟಿನಲ್ಲಿ ಹೇಗೆ ಇಳಿಸುವುದೆಂದು ಸೆಕ್ಯುರಿಟಿಯವನ ಹತ್ತಿರ ಕೇಳಿಕೊಂಡವರಿಗೆ ಇದರ ಬೆಲೆ ಗೊತ್ತು.

ಇಷ್ಟೆಲ್ಲ ಸಿಗುವುದು ಊರಿಗೆ ನಿಮ್ಮ ಗುರುತು ಇರುವುದರಿಂದ. ಹೊಸಬ ಬಂದರೆ ಚಹಾದಂಗಡಿಯಲ್ಲಿ ಮೊದಲು "ಯಾವೂರ್ರಿ?" ಎನ್ನುತ್ತಾರೆ. ಎರಡನೆಯ ಗುಟುಕಿಗೆ "ಯಾರ ಪೈಕಿ ನೀವು?" ಬರುತ್ತದೆ. ಕೇಳುವ ದನಿಯಲ್ಲಿ ಅಕ್ಕರೆ ಇರುತ್ತದೆ, ನಿಜ. ಸಂಬಂಧದ ಎಳೆ ಹಿಡಿದು ಹೋಗಿ, ಅಕ್ಕಿಆಲೂರಿನ ಯಾರದೋ ಬೀಗರು ನಿಮ್ಮ ಸೋದರಮಾವನಿಗೂ ಬೀಗರು ಎಂದು ಪತ್ತೆಹಚ್ಚಿದ ಮೇಲೆ ಚಹಾದ ದುಡ್ಡು ಕೊಡಲು ನಿಮ್ಮನ್ನು ಬಿಡುವುದಿಲ್ಲ. ಎಳೆ ಸಿಗದೆ ಹೋದರೆ? ಆಗ ಮಾತು ಮಳೆಬೆಳೆಗೆ ಹೊರಳುತ್ತದೆ.

ಅದೇ ಪ್ರಶ್ನೆ ಬಾಡಿಗೆ ಮನೆಯ ಬಾಗಿಲಲ್ಲಿ ಬೇರೆ ರೂಪದಲ್ಲಿ ಬರುತ್ತದೆ. ಹಿರೇಕೆರೂರಿಗೆ ವರ್ಗವಾಗಿ ಬಂದ ಒಬ್ಬ ಯುವ ಶಿಕ್ಷಕರು ಹೇಳಿದ್ದು: ಮನೆ ತೋರಿಸಿದ ಯಜಮಾನರು ನೀರಿನ ಟಾಕಿ, ಹಿತ್ತಿಲು, ಬೆಳಕು ಎಲ್ಲ ತೋರಿಸಿ ಕಡೆಗೆ ಮೆಲ್ಲಗೆ, "ನಿಮ್ಮ ಮನ್ಯಾಗ ಊಟ ಏನ್ ನಡಿತೇತ್ರಿ, ಸರ?" ಎಂದರಂತೆ. ಶಿಕ್ಷಕರು ಉತ್ತರ ಹೇಳಿದರು. "ನಾಳೆ ಹೇಳತೀನ್ರಿ" ಎಂದವರಿಂದ ಫೋನು ಬರಲಿಲ್ಲ. ದೊಡ್ಡ ನಗರಗಳಲ್ಲಿ ಇದು ನಡೆಯುವುದಿಲ್ಲ ಎಂದೇನೂ ಅಲ್ಲ. ಅಲ್ಲಿ ಒಬ್ಬ ಇಲ್ಲವೆಂದರೆ ಕೇಳಲು ಇನ್ನೂ ನೂರು ಬಾಗಿಲು ಇರುತ್ತವೆ. ಇಲ್ಲಿ ಬಾಡಿಗೆಗಿರುವ ಮನೆಗಳೇ ಕೆಲವು, ಒಬ್ಬರು ಬೇಡವೆಂದ ಸುದ್ದಿ ಉಳಿದವರಿಗೆ ಸಂಜೆಯೊಳಗೆ ಮುಟ್ಟಿರುತ್ತದೆ. ಆ ಶಿಕ್ಷಕರು ಈಗ ರಾಣೆಬೆನ್ನೂರಿನಿಂದ ಓಡಾಡುತ್ತಾರೆ.

ಸವಣೂರಿಗೆ ಬಂದರೆ ಈ ಗುರುತಿನ ಎರಡು ಮುಖವೂ ಹತ್ತಿರದಿಂದ ಕಾಣುತ್ತವೆ. ನಾಲ್ಕೂರಲ್ಲಿ ನನಗೆ ತುಂಬ ಹಿಡಿಸುವ ಊರು ಇದೇ, ತುಂಬ ಕಾಡುವ ಊರೂ ಇದೇ. ಒಂದು ಕಾಲಕ್ಕೆ ರಾಜಧಾನಿಯಾಗಿ ಮೆರೆದು ಆಮೇಲೆ ತಾಲ್ಲೂಕಾದ ಊರಿನ ಗತ್ತು ಅದರ ಬೀದಿಗಳಲ್ಲಿ ಇನ್ನೂ ಉಳಿದಿದೆ. ಮಿಯಾನಾ ಪಠಾಣ ನವಾಬರು ಇಲ್ಲಿಂದ ಆಳಿದರು. 1756ರಲ್ಲಿ ಪೇಶ್ವೆಯ ದಂಡು ಇದೇ ಕೋಟೆಗೆ ಮುತ್ತಿಗೆ ಹಾಕಿತ್ತು. ಬ್ರಿಟಿಷರ ಕಾಲದಲ್ಲಿ ಸಣ್ಣ ಸಂಸ್ಥಾನವಾಗಿ ಉಳಿದು, 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕರಗಿತು. ನವಾಬರ ಊರಿನಲ್ಲೇ ಉತ್ತರಾದಿ ಮಠದ ಸತ್ಯಬೋಧ ತೀರ್ಥರ ವೃಂದಾವನವಿದೆ. ಬೆಳಗಿನ ಬಾಂಗು ಮುಗಿದು ಸ್ವಲ್ಪ ಹೊತ್ತಿಗೆ ಮಠದ ಗಂಟೆ. ಕವಿ ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದು ಈ ಊರಲ್ಲಿ.

ಪೇಟೆಯಲ್ಲಿ ಸವಣೂರ ಖಾರದ ಅಂಗಡಿಗಳಿವೆ. ಹುಬ್ಬಳ್ಳಿಯಿಂದ ಬಂದವರೂ ಕಿಲೋಗಟ್ಟಲೆ ಕಟ್ಟಿಸಿಕೊಂಡು ಹೋಗುತ್ತಾರೆ. ಪಕ್ಕದಲ್ಲೇ ಒದ್ದೆ ಗೋಣಿ ಹೊದ್ದ ಬುಟ್ಟಿಗಳಲ್ಲಿ ಸವಣೂರಿನ ಎಲೆ. ಬೆರಳಿನಿಂದ ನೇವರಿಸಿ, ತೊಟ್ಟು ಮುರಿದು, ಕವಳೆ ಕಟ್ಟುವ ಮುದುಕರು "ಈ ಎಲಿ ಪಾಕಿಸ್ತಾನಕ್ಕ ಹೋಗತಿತ್ತರಿ ಮದಲ" ಎನ್ನುತ್ತಾರೆ. ಕೊಳ್ಳದೆ ಹೋದರೂ ಹೇಳುತ್ತಾರೆ. ವ್ಯಾಪಾರಕ್ಕಿಂತ ಮಾತಿಗೆ ಬೆಲೆ ಕೊಡುವ ಪೇಟೆ ಇದು. ನಗರದ ಮಾಲ್‌ನಲ್ಲಿ ಯಾರು ನಿಮ್ಮೊಡನೆ ಎಲೆಯ ಇತಿಹಾಸ ಮಾತಾಡುತ್ತಾರೆ?

ದೊಡ್ಡಹುಣಸೆ ಕಲ್ಮಠದ ಅಂಗಳದಲ್ಲಿ ಮೂರು ದೈತ್ಯ ಮರಗಳು. ಹೆಸರಿಗೆ ಹುಣಸೆ, ಜಾತಿಯಲ್ಲಿ ಆಫ್ರಿಕದ ಬಾವೊಬಾಬ್. ಕೃಷ್ಣನೇ ತಂದು ನೆಟ್ಟನೆಂದು ಕತೆ. ಬುಡವನ್ನು ತಬ್ಬಲು ಹತ್ತಾರು ಜನ ಕೈಕೈ ಹಿಡಿಯಬೇಕು. 2024ರ ಮಳೆಗಾಲದಲ್ಲಿ ಅದರಲ್ಲೊಂದು ಬುಡಸಮೇತ ಉರುಳಿತು. ಬೇರೆ ಕಡೆಯಾಗಿದ್ದರೆ ಮರುದಿನ ಕಟ್ಟಿಗೆಯ ಹರಾಜು ಆಗುತ್ತಿತ್ತೋ ಏನೋ. ಇಲ್ಲಿ ಯಂತ್ರ ತರಿಸಿ, ಕೊಂಬೆ ಕಡಿದು, ಮರವನ್ನು ಮತ್ತೆ ಎತ್ತಿ ನಿಲ್ಲಿಸಿದರು. ಊರಿನ ಗುರುತನ್ನು ಬಿದ್ದಲ್ಲೇ ಬಿಡಲಿಲ್ಲ.

ಇದೇ ಊರಿನಲ್ಲಿ 2010ರ ಜುಲೈ 20ರಂದು ಪುರಸಭೆಯ ಮುಂದೆ ಭಂಗಿ ಸಮುದಾಯದ ಕೆಲವರು ಮೈಮೇಲೆ ಮಲ ಸುರಿದುಕೊಂಡು ನಿಂತರು. ತಲೆಮಾರುಗಳಿಂದ ಊರಿನ ಹೊಲಸು ಹೊತ್ತ ಕುಟುಂಬಗಳು ಅವು. ಅವರು ವಾಸವಿದ್ದ ಜಾಗ ಪೇಟೆಯ ನಡುವಿನದು, ಅಲ್ಲಿ ಪುರಸಭೆಗೆ ವಾಣಿಜ್ಯ ಸಂಕೀರ್ಣ ಬೇಕಾಗಿತ್ತು. ತೆರವು ಮಾಡಿ ಎಂಬ ಒತ್ತಡಕ್ಕೆ ಅವರು ಕೊಟ್ಟ ಉತ್ತರ ಅದು. ಚಿತ್ರಗಳು ದೇಶದ ಪತ್ರಿಕೆಗಳಲ್ಲಿ ಬಂದವು, ಬೆಂಗಳೂರಿನಿಂದ ಮಂತ್ರಿಗಳು, ಲೇಖಕರು, ಹೋರಾಟಗಾರರು ಬಂದರು. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕ 1970ರ ದಶಕದಲ್ಲೇ ನಿಷೇಧಿಸಿತ್ತು. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗಿನ ಆದೇಶ. ಅಷ್ಟು ವರ್ಷ ಆದ ಮೇಲೂ ಸವಣೂರಿನಲ್ಲಿ ಆ ಕೆಲಸ ಯಾರದೆಂದು ಯಾರೂ ಕೇಳುವ ಅಗತ್ಯವಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಸಣ್ಣ ಊರಿನ ಆತ್ಮೀಯತೆಯನ್ನು ಹಾಡಿ ಹೊಗಳುವ ಲೇಖನಗಳನ್ನು ಓದುವಾಗ ನನಗೆ ಈ ಪುರಸಭೆಯ ಅಂಗಳ ನೆನಪಾಗುತ್ತದೆ. ಎಲ್ಲರಿಗೂ ಎಲ್ಲರೂ ಗೊತ್ತು ಎಂಬುದು ಗೌಡರ ಮನೆಯವರಿಗೆ, ಅಡತಿ ಅಂಗಡಿಯವರಿಗೆ, ಮಠದ ಭಕ್ತರಿಗೆ ರಕ್ಷಣೆ. ಊರ ಕಡೆಯ ಓಣಿಯವರಿಗೆ ಅದು ಬಿಡುಗಡೆಯಿಲ್ಲದ ಪಟ್ಟಿ. ಹುಬ್ಬಳ್ಳಿಗೋ ಗೋವಾಕ್ಕೋ ಹೋಗಿ ಹೋಟೆಲಿನಲ್ಲಿ ಕೆಲಸಕ್ಕೆ ನಿಂತ ಅದೇ ಓಣಿಯ ಹುಡುಗ ಅಲ್ಲಿ ಬರೀ ಸಪ್ಲಾಯರ್. ಹಬ್ಬಕ್ಕೆ ಊರಿಗೆ ಬಂದು ಬಸ್ಸಿಳಿದ ಕೂಡಲೆ ಅಪ್ಪನ ಹೆಸರು, ಓಣಿಯ ಹೆಸರು, ಕುಲದ ಹೆಸರು ಅವನನ್ನು ಮತ್ತೆ ಹಿಡಿದುಕೊಳ್ಳುತ್ತವೆ.

ಶಿಗ್ಗಾವಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಬೇಡ, ಆ ಊರೂ ಯಾರನ್ನೂ ಹೆಚ್ಚು ನಿಲ್ಲಿಸಿಕೊಳ್ಳುವುದಿಲ್ಲ. ಪುಣೆ–ಬೆಂಗಳೂರು ಹೆದ್ದಾರಿ ಪಕ್ಕದಲ್ಲೇ ಇರುವ ಊರು. ಹುಬ್ಬಳ್ಳಿ ಒಂದು ತಾಸಿನ ದಾರಿ. ದೂರದ ಬಸ್ಸಿನ ಕಂಡಕ್ಟರ್ "ಒಳಗ ಹೋಗಂಗಿಲ್ಲ, ಹೈವೇಕ್ಕ ಇಳೀರಿ" ಎನ್ನುತ್ತಾನೆ. ಉಳಿದ ಮೂರೂರಿನವರು ಈ ಹೆದ್ದಾರಿ ತಮ್ಮೂರಿನ ಮೇಲೆ ಹಾಯಲಿಲ್ಲವಲ್ಲ ಎಂದು ಹೊಟ್ಟೆ ಉರಿದುಕೊಳ್ಳುತ್ತಾರೆ. 1967ರಲ್ಲಿ ಎಸ್. ನಿಜಲಿಂಗಪ್ಪ ಇಲ್ಲಿಂದ ಶಾಸಕರಾದರು, 2021ರಿಂದ 2023ರವರೆಗೆ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರ ಕ್ಷೇತ್ರವೂ ಆಗ ಇದೇ ಆಗಿತ್ತು. ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ, ಅದೇ ಊರಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್. ಅಲ್ಲಿ ಹಳ್ಳಿಯ ಕಮ್ಮಾರ, ಕುಂಬಾರ, ಗೌಡ, ಗೌಡತಿ ಸಿಮೆಂಟಿನಲ್ಲಿ ನಿಜದ ಎತ್ತರಕ್ಕೆ ನಿಂತಿದ್ದಾರೆ. ಟಿಕೆಟ್ ತೆಗೆದುಕೊಂಡು ಸಿಮೆಂಟಿನ ಹಳ್ಳಿ ನೋಡಿ, ಹೊರಬಂದು ಅರ್ಧ ಖಾಲಿಯಾದ ನಿಜದ ಹಳ್ಳಿಗಳನ್ನು ಹಾದು ಹೋಗಬೇಕು. ನನಗೆ ಅದು ಸ್ವಲ್ಪ ವಿಚಿತ್ರ ಅನ್ನಿಸುತ್ತದೆ, ಶಾಲೆಯ ಮಕ್ಕಳಿಗೆ ಮಾತ್ರ ಖುಷಿಯೋ ಖುಷಿ.

ರಾತ್ರಿ ಹತ್ತರ ಮೇಲೆ ಎದೆ ಹಿಡಿದುಕೊಂಡರೆ ಮುಖ್ಯಮಂತ್ರಿಯ ಕ್ಷೇತ್ರವಾದರೂ ಅಷ್ಟೆ, ಆಗದಿದ್ದರೂ ಅಷ್ಟೆ. ಶಿಗ್ಗಾವಿ, ಸವಣೂರು, ಹಾನಗಲ್ಲಿನವರು ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯ ಕಡೆಗೆ ಓಡುತ್ತಾರೆ, ಹಿರೇಕೆರೂರಿನವರು ದಾವಣಗೆರೆಗೋ ಶಿವಮೊಗ್ಗಕ್ಕೋ. 2008ರಲ್ಲಿ 108 ಆಂಬುಲೆನ್ಸ್ ಬಂದಮೇಲೆ ದಾರಿಯ ಚಿಂತೆ ಕಡಿಮೆಯಾಗಿದೆ. ಹಾವೇರಿಯಲ್ಲಿ ಈಗ ವೈದ್ಯಕೀಯ ಕಾಲೇಜೂ ಇದೆ. ಆದರೆ ಎದೆನೋವಿಗೆ ಮೊದಲ ತಾಸಿನ ಚಿಕಿತ್ಸೆಯೇ ಪ್ರಾಣ. ಆ ತಾಸು ಹಾನಗಲ್ಲಿನವರಿಗೆ ದಾರಿಯಲ್ಲೇ ಸವೆದುಹೋಗುತ್ತದೆ. ನೆರೆಯವರು ಎದ್ದು ಬರುತ್ತಾರೆ, ತಮ್ಮ ಕಾರು ತೆಗೆಯುತ್ತಾರೆ, ರೊಕ್ಕ ಬೇಕೇನ್ರಿ ಎಂದು ಕೇಳುತ್ತಾರೆ. ಇಷ್ಟು ಮಾಡುವ ನೆರೆ ಹುಬ್ಬಳ್ಳಿಯಲ್ಲಿ ಸಿಗಲಿಕ್ಕಿಲ್ಲ. ಹುಬ್ಬಳ್ಳಿಯಲ್ಲಿದ್ದವನಿಗೆ ಅಷ್ಟರೊಳಗೆ ಸ್ಟೆಂಟ್ ಬಿದ್ದಿರುತ್ತದೆ.

ಪ್ರತಿಭೆಯ ಮಾತೂ ಹೀಗೆಯೇ ದಾರಿ ಹಿಡಿದು ಹೊರಗೆ ಹೋಗುತ್ತದೆ. ಹಾನಗಲ್ಲಿನ ಕುಮಾರಸ್ವಾಮಿಗಳು ಅಂಧ ಬಾಲಕರಿಗೆ ಸಂಗೀತ ಕಲಿಸುವ ಏರ್ಪಾಡು ಮಾಡದೆ ಇದ್ದಿದ್ದರೆ ಪಂಚಾಕ್ಷರಿ ಗವಾಯಿಗಳೂ ಇಲ್ಲ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಇಲ್ಲ. ಗುರು ಶಿಷ್ಯ ಇಬ್ಬರೂ ಹಾನಗಲ್ ತಾಲ್ಲೂಕಿನವರು. ಆದರೆ ಅವರ ಸಂಗೀತಾಶ್ರಮ ಬೆಳೆದದ್ದು ಗದಗಿನಲ್ಲಿ. ಗಾಯಕಿ ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ, ಈ ಊರಿಗೆ ಸಿಕ್ಕಿದ್ದು ಅವರ ಹೆಸರಿನ ಕೊನೆಯ ಭಾಗ. ಸವಣೂರಿನ ಗೋಕಾಕರು ಪುಣೆ, ಆಕ್ಸ್‌ಫರ್ಡ್ ಎಂದು ದೂರ ಹೋದರು. ಶಿಗ್ಗಾವಿ ತಾಲ್ಲೂಕಿನ ಸಂತಕವಿ ಶಿಶುನಾಳ ಷರೀಫರು ಮಾತ್ರ ಇದೇ ಸುತ್ತಿನಲ್ಲಿ ತಿರುಗಾಡಿ ಇಲ್ಲೇ ಮಣ್ಣಾದರು. ಮುಸಲ್ಮಾನ ಶಿಷ್ಯನಿಗೆ ಬ್ರಾಹ್ಮಣ ಗುರು ಗೋವಿಂದ ಭಟ್ಟರು ಪಕ್ಕದ ಕಳಸದಲ್ಲೇ ಸಿಕ್ಕಿದ್ದರು ಎಂಬುದನ್ನೂ ಸಣ್ಣ ಊರುಗಳ ಲೆಕ್ಕಕ್ಕೆ ಜಮಾ ಮಾಡಬೇಕು. ಅವರ ಸ್ನೇಹಕ್ಕೆ ಊರು ಕೊಟ್ಟ ಕಿರುಕುಳವನ್ನು ಖರ್ಚಿಗೆ ಬರೆಯಬೇಕು.

ಹಿರೇಕೆರೂರಿನ ಮಾತು ಉಳಿಯಿತು. ಸರ್ವಜ್ಞನ ಅಬಲೂರು, ಮಾಸೂರು, ಮದಗದ ಕೆರೆ ಎಲ್ಲ ಈ ಕಡೆಯವು. ದೀಪಾವಳಿಗೆ ಬಂದರೆ ಊರಿನ ನಿಜರೂಪ ಕಾಣುತ್ತದೆ. ಬೆಂಗಳೂರಿನಲ್ಲಿ ಕಂಪನಿ, ಗಾರೆ, ಡೆಲಿವರಿ ಕೆಲಸಕ್ಕಿರುವ ಹುಡುಗರು ರಾತ್ರಿ ಬಸ್ಸುಗಳಲ್ಲಿ ನಿಂತುಕೊಂಡಾದರೂ ಬರುತ್ತಾರೆ, ಹೋರಿ ಬೆದರಿಸುವ ಹಬ್ಬಕ್ಕೆ. ಕೊಬ್ಬರಿ ಸರ, ಬಲೂನು, ಜೂಲು ಹೊತ್ತ ಹೋರಿ ಅಖಾಡದಲ್ಲಿ ಜನರ ನಡುವೆ ನುಗ್ಗುತ್ತದೆ, ಹಿಡಿದು ಕೊಬ್ಬರಿ ಹರಿದವನು ಗೆದ್ದ. ಒಂದೊಂದು ಹೋರಿಗೂ ಸಿನಿಮಾ ನಟನಿಗಿರುವಂತೆ ಹೆಸರು, ಬ್ಯಾನರು, ಅಭಿಮಾನಿಗಳ ಟೀಶರ್ಟು. ಪ್ರತಿ ವರ್ಷ ಎಲ್ಲಾದರೂ ಯಾರಾದರೂ ತಿವಿಸಿಕೊಳ್ಳುತ್ತಾರೆ, ಕೆಲವೊಮ್ಮೆ ಜೀವವೇ ಹೋಗುತ್ತದೆ. ಆದರೂ ಒಬ್ಬ ಹುಡುಗ ಹೇಳಿದ್ದು ನನಗೆ ಅರ್ಥವಾಯಿತು: "ಬೆಂಗಳೂರಾಗ ನನ್ನ ಹೆಸರು ಯಾರಿಗಿ ಗೊತ್ತೈತ್ರಿ, ಸರ? ಇಲ್ಲೆ ಮೈಕಿನ್ಯಾಗ ಕೂಗತಾರ."

ಹುಡುಗನಿಗೆ ಊರು ಮೈಕಿನಲ್ಲಿ ಹೆಸರು ಕೂಗುತ್ತದೆ. ಅವನ ತಂಗಿಯ ಹೆಸರು ಎಲ್ಲೂ ಬಾರದಿರಲಿ ಎಂದು ಮನೆಯವರು ಹರಕೆ ಹೊರುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಅವಳು ಯಾವನೋ ಹುಡುಗನೊಡನೆ ನಾಲ್ಕು ಮಾತಾಡಿದರೆ, ಅವಳಿಗಿಂತ ಮೊದಲು ಸುದ್ದಿ ಮನೆ ಸೇರುತ್ತದೆ. ಈ ಭಾಗದ ತರಕಾರಿ, ಹತ್ತಿ ಬೀಜದ ಹೊಲಗಳಲ್ಲಿ 'ಕ್ರಾಸಿಂಗ್' ಕೆಲಸಕ್ಕೆ ಹೆಂಗಸರೇ ಬೇಕು. ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಸೂಕ್ಷ್ಮ ಕೆಲಸ, ಬಿಸಿಲಲ್ಲಿ ಬೆನ್ನು ಬಗ್ಗಿಸಿ. ದುಡಿಯಲು ಹೊಲಕ್ಕೆ ಹೋದರೆ ಯಾರೂ ಕೇಳುವುದಿಲ್ಲ, ಓದಲು ಹಾವೇರಿಗೆ ಹೋಗುತ್ತೇನೆಂದರೆ ಮನೆಯಲ್ಲಿ ಸಭೆ ಸೇರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಆ ಸಭೆಯ ಒಂದು ದೊಡ್ಡ ತಕರಾರು ಬಿದ್ದುಹೋಯಿತು: ರೊಕ್ಕದ್ದು. ಒಬ್ಬಳು ಬಿ.ಕಾಂ. ವಿದ್ಯಾರ್ಥಿನಿಗೆ ಸಣ್ಣ ಊರಲ್ಲಿ ಏನು ಬೇಡ ಎಂದು ಕೇಳಿದೆ. "ಎಲ್ಲಾರೂ ಕಾಕಾಗೋಳು, ಎಲ್ಲಾರೂ ಅಣ್ಣಗೋಳು. ಒಬ್ಬರೂ ಸುಮ್ನ ಇರಂಗಿಲ್ಲ" ಎಂದು ನಕ್ಕಳು.

ಹಾಗಾದರೆ ಇರಬೇಕೋ ಬೇಡವೋ? ಪಿಂಚಣಿ ಇದ್ದು, ಸ್ವಂತ ಮನೆ ಇದ್ದು, ಊರಲ್ಲಿ ನಾಲ್ಕು ಜನ ನೆಂಟರಿದ್ದು, ಎದೆ ಗಟ್ಟಿ ಇದ್ದವರಿಗೆ ಹಾನಗಲ್ಲಿನಷ್ಟು ಹಿತವಾದ ಊರು ಕಡಿಮೆ. ಅಂಗಡಿ ಹಾಕುವವರು ಶಿಗ್ಗಾವಿಯ ಹೆದ್ದಾರಿ ಬದಿ ನೋಡಲಿ. ಮಾತಿನ ಚಟವಿದ್ದವರಿಗೆ ಸವಣೂರು. ಇಪ್ಪತ್ತರ ಹುಡುಗಿಗೆ, ಕಡೆಯ ಓಣಿಯಿಂದ ಬಂದವರಿಗೆ, ಜಾತಿ ಮೀರಿ ಮದುವೆಯಾದವರಿಗೆ ಸದ್ಯಕ್ಕೆ ನಾಲ್ಕರಲ್ಲಿ ಯಾವುದನ್ನೂ ನಾನು ಹೇಳಲಾರೆ. ಅವರು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದರೆ ಊರು ಬಿಟ್ಟರೆಂದು ದೂರುವ ಹಕ್ಕು ಊರಿಗಿಲ್ಲ.

ಈ ಊರುಗಳು ಎಲ್ಲರಿಗೂ ವಾಸಯೋಗ್ಯವಾಗಲು ಮೆಟ್ರೊ, ಮಾಲ್ ಯಾವುದೂ ಬೇಡ. ರಾತ್ರಿಯೂ ಎದೆನೋವು ನೋಡುವ ವೈದ್ಯರು ತಾಲ್ಲೂಕು ಆಸ್ಪತ್ರೆಯಲ್ಲಿರಬೇಕು, ಜಾತಿ ಕೇಳದೆ ಕೊಡುವ ಬಾಡಿಗೆ ಮನೆಗಳಿರಬೇಕು. ಮೊದಲನೆಯದಕ್ಕೆ ಸರ್ಕಾರದ ಮಂಜೂರಾತಿ ಬೇಕು, ಶಾಸಕರನ್ನು ಬೆನ್ನುಹತ್ತಿ. ಎರಡನೆಯದಕ್ಕೆ ಯಾರ ಸಹಿಯೂ ಬೇಡ. ಮನೆ ಬಾಡಿಗೆಗಿದೆ ಎಂದು ಬೋರ್ಡು ಹಾಕಿದವರು, ಈ ಸಲ ಬಂದವರಿಗೆ ಬಾಡಿಗೆ ಎಷ್ಟೆಂದಷ್ಟೇ ಹೇಳಿ.